ಯಲಿಯೂರಿನ ತೂಬಿನ ಬಳಿ ನಾನಿರಲಿಲ್ಲ

ಒಂದು ಹಾಕಿ ಆಟ ನೋಡುವ ಆಸೆಗೆ ನಾನು ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡೆ. ಅವನ ಹೆಸರು ಬೋರಯ್ಯ. ಯಲಿಯೂರಿನ ನೀರುಗಂಟಿ— ಊರಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವವನು. ಅವನು ನೀರು ಮಾರಿಕೊಂಡ ಕಳ್ಳ ಎಂದು ಊರಿಗೆ ಊರೇ ನಂಬಿತು. ಅಲ್ಲವೆಂದು ಗೊತ್ತಿದ್ದವನು ನಾನೊಬ್ಬ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಳಿತೆ. ತಲೆ ನರೆಯುವವರೆಗೂ ಕುಳಿತೆ.

ನಾನು ಸುಳ್ಳು ಹೇಳಲಿಲ್ಲವಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ನಾನು ಆಡಿದ ಮಾತು ನಿಜವೇ ಆಗಿತ್ತು. ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಅದನ್ನು ಎಲ್ಲಿ ನಿಲ್ಲಿಸಿದೆನೋ— ಅಲ್ಲಿದೆ ನನ್ನ ಪಾಪ.

ಮೂವತ್ತರ ದಶಕದ ಮಾತು. ಆಗ ನಾನು ಮಂಡ್ಯದ ಒಂದು ಶಾಲೆಯಲ್ಲಿ ಮೇಷ್ಟ್ರು. ಪುರೋಹಿತರ ಮನೆಯ ಹುಡುಗ, ಸಣಕಲು ಮೈ, ದಪ್ಪ ಕನ್ನಡಕ. ಹಾಕಿ ಕೋಲು ಹಿಡಿದು ಮೈದಾನಕ್ಕೆ ಇಳಿದದ್ದು ಒಂದೇ ಸಲ; ಚೆಂಡು ಮೊಣಕಾಲಿನ ಕೆಳಗಿನ ಮೂಳೆಗೆ ಬಡಿದು, ಅಲ್ಲೇ ಕುಳಿತು, ಎದ್ದು ಮನೆಗೆ ಬಂದೆ. ಅಲ್ಲಿಂದ ಮುಂದೆ ನಾನು ಆಡಿದ್ದೆಲ್ಲ ಬಾಯಲ್ಲಿ. ಪೇಟೆಯ ತಂಡ ಆಡುವಾಗ ಗೆರೆಯ ಪಕ್ಕದಲ್ಲಿ ಈ ಕೊನೆಯಿಂದ ಆ ಕೊನೆಗೆ ಓಡುತ್ತಾ ಕೂಗುತ್ತಿದ್ದೆ. ಪಂಚೆ ಬಿಚ್ಚಿಹೋದದ್ದೂ ಗೊತ್ತಾಗದೆ ಕೂಗಿದ ದಿನವೊಂದಿದೆ. ಅದನ್ನು ನಮ್ಮ ಶಾಲೆಯ ಮಕ್ಕಳು ಬಹಳ ದಿನ ಮರೆಯಲಿಲ್ಲ.

ನನಗೆ ಎಲ್ಲ ತಂಡಗಳ ಮೇಲೂ ಅಭಿಪ್ರಾಯವಿತ್ತು, ಕೇಳದವರಿಗೂ ಹೇಳುತ್ತಿದ್ದೆ. ಬೆಂಗಳೂರಿನ ದಂಡಿನ ತಂಡದವರು ಚೆಂಡನ್ನು ಹೊಡೆಯುತ್ತಾರೆ, ಆಡಿಸುವುದಿಲ್ಲ. ರೈಲ್ವೆಯವರು ಯಾವಾಗಲೂ ಬಲಗಡೆಯಿಂದಲೇ ಬರುತ್ತಾರೆ, ಹಳಿ ಹಾಕಿಟ್ಟವರ ಹಾಗೆ. ಆ ಕಡೆ ಒಬ್ಬ ಗಟ್ಟಿ ಆಳನ್ನು ನಿಲ್ಲಿಸಿದರೆ ಅವರ ಕತೆ ಮುಗಿಯಿತು. ಮೈಸೂರಿನವರ ಆಟ ಬಲು ಅಂದ, ಆದರೆ ಗೋಲಿನ ಮುಂದೆ ಬಂದಾಗ ನೆಂಟರ ಮನೆಗೆ ಊಟಕ್ಕೆ ಬಂದವರಂತೆ ‘ನೀವು ಮೊದಲು, ನೀವು ಮೊದಲು’ ಎನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚು ನಾನು ಹಲ್ಲು ಕಡಿಯುತ್ತಿದ್ದದ್ದು ಗಿರಣಿ ತಂಡಗಳ ಮೇಲೆ. ಅವರು ಆಟಗಾರರನ್ನು ಹುಡುಕಿ ಹುಡುಕಿ ಕೆಲಸ ಕೊಡುತ್ತಿದ್ದರು. ಹೆಸರಿಗೆ ನೂಲಿನ ವಿಭಾಗ, ನಿಜವಾದ ಕೆಲಸ ಹಾಕಿ. ಸಂಬಳಕ್ಕೆ ಆಡುವವನು ಗಂಟೆ ನೋಡಿಕೊಂಡು ಆಡುತ್ತಾನೆ, ಅವನ ಕಾಲಿನಲ್ಲಿ ಕಸುವಿರಬಹುದು, ಎದೆಯಲ್ಲಿರುವುದಿಲ್ಲ— ಇದು ನನ್ನ ಸಿದ್ಧಾಂತ. ಎಷ್ಟು ಖಚಿತವಾಗಿ ಹೇಳುತ್ತಿದ್ದೆನೆಂದರೆ ಕೇಳಿದವರು ನಾನು ಹತ್ತು ಗಿರಣಿಗಳಲ್ಲಿ ಆಡಿ ಬಂದಿದ್ದೇನೆ ಎಂದುಕೊಳ್ಳಬೇಕು.

ನಮ್ಮ ಪೇಟೆಯ ತಂಡದಲ್ಲಿ ಗುಮಾಸ್ತರು, ಒಬ್ಬ ಡಾಕ್ಟರು, ಇಬ್ಬರು ಫಿಟ್ಟರುಗಳು, ಮತ್ತೆ ನಿಂಗ ಇದ್ದರು. ನಿಂಗ ಯಲಿಯೂರಿನ ಒಕ್ಕಲು ಮನೆಯವನು, ಮೊದಲು ನನ್ನ ಶಿಷ್ಯ. ತಂದೆಯಿಲ್ಲ, ಅಣ್ಣತಮ್ಮಂದಿರಿಲ್ಲ, ತಾಯಿ ಮತ್ತು ಅವನು, ಒಂದು ತುಂಡು ಗದ್ದೆ. ಬರಿಗಾಲಲ್ಲಿ ಎಡ ಅಂಚಿನಲ್ಲಿ ಆಡುತ್ತಿದ್ದ. ಅದು ಕಷ್ಟದ ಜಾಗ. ಹಾಕಿ ಕೋಲಿನ ಒಂದೇ ಮುಖದಿಂದ ಹೊಡೆಯಬೇಕು. ಎಡ ಅಂಚಿನಲ್ಲಿ ಓಡುವವನು ಚೆಂಡನ್ನು ನಡುವಿಗೆ ಕಳಿಸಬೇಕಾದರೆ ಮೈ ತಿರುಗಿಸಬೇಕು, ತಿರುಗಿಸಿದರೆ ಓಟ ಕುಗ್ಗುತ್ತದೆ. ನಿಂಗನ ಓಟ ಕುಗ್ಗುತ್ತಿರಲಿಲ್ಲ. ಅದು ಹೇಗೆಂದು ಅವನಿಗೇ ಗೊತ್ತಿರಲಿಲ್ಲ, ನಾನು ಮಾತ್ರ ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದೆ.

ಆ ವರ್ಷ ಬೆಂಗಳೂರಿನ ಒಂದು ಗಿರಣಿ ತಂಡ ಮಂಡ್ಯಕ್ಕೆ ಬಂದು ಆಡುವುದೆಂದು ನಿಶ್ಚಯವಾಯಿತು. ನನಗೆ ನಿದ್ದೆಯಿಲ್ಲ. ಶಾಲೆಯಲ್ಲಿ ಪಾಠಕ್ಕೆ ನಿಂತರೆ ಬೋರ್ಡಿನ ಮೇಲೆ ಮುಂದಿನ ಸಾಲಿನ ಐದು ಜನ ಆಟಗಾರರೇ ಕಾಣುತ್ತಿದ್ದರು. ಆಟದ ಹಿಂದಿನ ದಿನ ನಿಂಗ ಮನೆಗೆ ಬಂದು ಜಗಲಿಯ ಅಂಚಿನಲ್ಲಿ ಕುಳಿತ.

“ನಾನು ಆಡಾಕಿಲ್ಲ ಮೇಷ್ಟ್ರೇ. ನಾಳೀಕೆ ನಮ್ ಗದ್ದೆ ಸರದಿ. ಅವ್ವಂಗೆ ಜ್ವರ. ನೀರ್ತಾವ ನಿಂತ್ಕಳಾಕೆ ಯಾರೂ ಇಲ್ಲ.”

ಕಾಲುವೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ರಾಗಿ ಬೆಳೆಯುತ್ತಿದ್ದವರು ಭತ್ತಕ್ಕೆ ಇಳಿದಿದ್ದರು, ನೀರಿಗೆ ಸರದಿ ಗೊತ್ತುಮಾಡಿದ್ದರು. ಸರದಿಯ ದಿನ ಗದ್ದೆಯವರ ಕಡೆಯ ಒಬ್ಬರು ತೂಬಿನ ಹತ್ತಿರ ನಿಂತಿರಬೇಕು. ನಿಂತವರ ಮುಖ ನೋಡಿ ನೀರುಗಂಟಿ ತೂಬು ತೆಗೆಯುತ್ತಾನೆ. ಯಾರೂ ಇಲ್ಲದಿದ್ದರೆ ನೀರು ಮುಂದಿನ ಗದ್ದೆಗೆ. ನೋಡಿಕೊಳ್ಳುವವರಿಲ್ಲದೆ ನೀರು ಬಿಟ್ಟರೆ ಬದು ಒಡೆದು ಹೋಗುತ್ತದೆ, ಅದಕ್ಕೆ ಆ ಕಟ್ಟಳೆ. ನಿಂಗನ ಭತ್ತ ತೆನೆ ಬಿಡುವ ಹೊತ್ತಿನಲ್ಲಿತ್ತು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “ನೀರು ನಾನು ನೋಡ್ಕೋತೀನಿ. ನೀನು ಆಡೋ” ಎಂದೆ.

“ನೀವಾ? ಆಟ ಬುಟ್ಟಾ?” ನಿಂಗ ನಗುವುದೋ ಅಳುವುದೋ ತಿಳಿಯದವನಂತೆ ನನ್ನನ್ನೇ ನೋಡಿದ. ಆಮೇಲೆ ಬಗ್ಗಿ ನನ್ನ ಕಾಲು ಮುಟ್ಟಿದ. “ಬೋರಯ್ಯಂಗೆ ಯೋಳಿರ್ತೀನಿ. ಎಲ್ಲಾ ಅವ್ನೇ ತೋರುಸ್ತಾನೆ. ನೀವು ಸುಮ್ಕೆ ನಿಂತಿದ್ರೆ ಸಾಕು.”

ನೀರು ನಾನು ನೋಡಿಕೊಳ್ಳುತ್ತೇನೆ ಎಂದಾಗ ನನಗೆ ನನ್ನ ಮೇಲೇ ಹೆಮ್ಮೆಯಾಗಿತ್ತು— ಅದನ್ನೂ ಹೇಳಿಬಿಡುತ್ತೇನೆ. ತಂಡಕ್ಕಾಗಿ ಆಟವನ್ನೇ ಬಿಟ್ಟುಕೊಟ್ಟವನು ನಾನು! ರಾತ್ರಿ ಮಲಗುವವರೆಗೂ ಆ ಹೆಮ್ಮೆ ಇತ್ತು. ಬೆಳಿಗ್ಗೆ ರೈಲಿನಿಂದ ಗಿರಣಿ ತಂಡದವರು ಇಳಿದದ್ದನ್ನು ನೋಡಿದೆ. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಕಾಲಿಗೆ ಬೂಟು. ಹೆಮ್ಮೆ ಅಲ್ಲೇ ಕರಗಿತು.

ಮಧ್ಯಾಹ್ನ ಸೈಕಲ್ ತುಳಿದುಕೊಂಡು ಯಲಿಯೂರಿನ ದಾರಿ ಹಿಡಿದದ್ದು ಹೌದು. ಊರು ದಾಟುವಷ್ಟರಲ್ಲಿ ಮೈದಾನದ ಕಡೆಯಿಂದ ಜನರ ಗದ್ದಲ ಕೇಳಿಸಿತು. ಮೊದಲರ್ಧ ಮಾತ್ರ ನೋಡೋಣ ಎಂದುಕೊಂಡೆ. ಸ್ವಲ್ಪ ತಡವಾದರೇನು, ನೀರೇನು ಓಡಿಹೋಗುತ್ತದೆಯೇ ಎಂದುಕೊಂಡೆ. ಓಡಿಹೋಗುವುದೇ ನೀರಿನ ಕೆಲಸ ಎಂದು ಈ ಪೇಟೆಯವನಿಗೆ ಹೊಳೆಯಲಿಲ್ಲ.

ಮೈದಾನ ರೈಲು ಹಳಿಗೆ ಅಂಟಿಕೊಂಡಿತ್ತು. ಆಚೆ ಗೂಡ್ಸ್ ಡಬ್ಬಿಗಳು ನಿಂತಿದ್ದವು. ಎರಡು ಡಬ್ಬಿಗಳ ಸಂದಿಯಲ್ಲಿ ಸೈಕಲ್ ಒರಗಿಸಿ, ತಲೆಗೆ ಟವೆಲ್ ಸುತ್ತಿಕೊಂಡು ನಿಂತೆ. ನಿಂಗ ನನ್ನನ್ನು ನೋಡಬಾರದು. ಯಾರೂ ನೋಡಬಾರದು. ಜೀವಮಾನದಲ್ಲಿ ಮೊದಲ ಸಲ ನಾನು ಬಾಯಿ ತೆರೆಯದೆ ಹಾಕಿ ನೋಡಿದೆ. ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದೆ— ಕಳ್ಳನ ಹಾಗೆ ಎನ್ನಲೇ? ಕಳ್ಳನೇ.

ಅರ್ಧ ವಿರಾಮಕ್ಕೆ ನಮ್ಮವರು ಒಂದು ಗೋಲು ಹಿಂದಿದ್ದರು. ಸೈಕಲ್ ಹ್ಯಾಂಡಲಿಗೆ ಕೈ ಹಾಕಿದೆ. ಆದರೆ ನನ್ನದೊಂದು ಮೌಢ್ಯವಿತ್ತು. ಮನೆಯಲ್ಲಿ ತಂದೆ ರಾಹುಕಾಲ ನೋಡಿದರೆ ನಗುತ್ತಿದ್ದ ನಾನು, ಹಿಂದೆ ಬಿದ್ದ ತಂಡವನ್ನು ನಡುವೆ ಬಿಟ್ಟು ಎದ್ದರೆ ಅದು ಸೋತೇ ಸೋಲುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೆ. ನಾನು ಹೋದರೆ ನಿಂಗ ಸೋಲುತ್ತಾನೆ. ನಿಂಗನ ಒಳ್ಳೆಯದಕ್ಕೇ ನಾನು ಇಲ್ಲಿರಬೇಕು... ಹೀಗೂ ಮನಸ್ಸು ತನ್ನ ಆಸೆಗೆ ದಾರಿ ಮಾಡಿಕೊಳ್ಳುತ್ತದೆ. ಹ್ಯಾಂಡಲಿನಿಂದ ಕೈ ತೆಗೆದೆ.

ಎರಡನೆಯ ಅರ್ಧದಲ್ಲಿ ನಮ್ಮ ಡಾಕ್ಟರು ಒಂದು ಗೋಲು ಹಿಂತಿರುಗಿಸಿದರು. ಸಂಬಳದವರ ಎದೆಯ ಬಗ್ಗೆ ನಾನು ಹೇಳುತ್ತಿದ್ದದ್ದೆಲ್ಲ ಬರೀ ಬೂಸಿ ಎಂದು ಅಂದು ಗೊತ್ತಾಯಿತು; ಅವರ ಒಬ್ಬ ಆಟಗಾರ ಹಣೆಯೊಡೆದು ರಕ್ತ ಸುರಿಯುತ್ತಿದ್ದರೂ ಬಟ್ಟೆ ಕಟ್ಟಿಸಿಕೊಂಡು ಬಂದು ನಿಂಗನಿಗೇ ಎದುರಾಗಿ ನಿಂತ. ಆಟ ಇನ್ನೇನು ಮುಗಿಯಬೇಕು. ಚೆಂಡು ಎಡ ಅಂಚಿಗೆ ಬಂತು. ನಿಂಗ ಓಡಿದ. ಎಲ್ಲರೂ ಅವನು ನಡುವಿಗೆ ಹೊಡೆಯುತ್ತಾನೆ ಎಂದು ಕಾದರು, ಅವರ ಹಿಂದಿನ ಸಾಲಿನ ಆಟಗಾರ ನಡುವಿಗೆ ಸರಿದ. ನಿಂಗ ಹೊಡೆಯಲಿಲ್ಲ. ಕೋಲನ್ನು ಮಗುಚಿ ಚೆಂಡನ್ನು ಒಳಕ್ಕೆ ಎಳೆದುಕೊಂಡ, ಇನ್ನೊಮ್ಮೆ ಎಳೆದುಕೊಂಡ, ಆ ಸರಿದವನು ಖಾಲಿ ಮಾಡಿಟ್ಟ ಜಾಗದಲ್ಲೇ ನುಗ್ಗಿ ಅರ್ಧವೃತ್ತದ ಒಳಗಿನಿಂದ ಬೀಸಿದ. ಗೋಲಿನ ಹಲಗೆ ಸದ್ದು ಮಾಡಿದ್ದು ನನಗೆ ಡಬ್ಬಿಗಳ ಸಂದಿಯಲ್ಲೂ ಕೇಳಿಸಿತು. ನಾನು ಟವೆಲ್ ಕಚ್ಚಿಕೊಂಡು ಅತ್ತೆ.

ಯಲಿಯೂರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ತೂಬಿನ ಹತ್ತಿರ ಯಾರೂ ಇಲ್ಲ. ನೀರು ಮುಂದಿನ ಗದ್ದೆಗೆ ಜುಳುಜುಳು ಹರಿಯುತ್ತಿತ್ತು. ನಿಂಗನ ಗದ್ದೆಯಲ್ಲಿ ನೆಲ ಬಿರುಕು ಬಿಟ್ಟಿತ್ತು. ಬೋರಯ್ಯನನ್ನು ಒಂದೆರಡು ಸಲ ಕೂಗಿದೆ. ಏರಿಯ ಮೇಲೆ ಸ್ವಲ್ಪ ದೂರ ನಡೆದೆ. ಯಾರೂ ಓಗೊಡಲಿಲ್ಲ. ವಾಪಸು ಬಂದೆ.

ಮನೆ ಸೇರಿದ ಸ್ವಲ್ಪ ಹೊತ್ತಿಗೆ ನಿಂಗ ಕೊರಳಲ್ಲಿ ಹಾರ ಹಾಕಿಕೊಂಡೇ ಓಡಿಬಂದ. “ನಾನೇ ಒಡ್ದೆ ಮೇಷ್ಟ್ರೇ, ಕಡೇ ಗೋಲು! ಎಂಗೋ ಬಿತ್ತು ಬುಡಿ. ನೀವಿರಬೇಕಾಗಿತ್ತು.” ಎಂಗೋ ಬಿದ್ದದ್ದಲ್ಲ ಕಣೋ, ನೀನು ಎರಡು ಸಲ ಎಳೆದುಕೊಂಡೆ— ಎಂದು ನಾಲಿಗೆಯ ತುದಿಗೆ ಬಂತು. ನುಂಗಿದೆ. ಆಮೇಲೆ ಅವನು ಕೇಳಿದ, “ನೀರು ಆಯ್ತಾ?”

ಆಗಲಾದರೂ ಹೇಳಬಹುದಿತ್ತು. ಅವನು ಅಷ್ಟು ಸಂತೋಷದಲ್ಲಿದ್ದ, ಬೈದಿದ್ದರೂ ಮರೆಯುತ್ತಿದ್ದನೇನೋ. ನಾನು ಹೇಳಿದ್ದು ಇಷ್ಟು: “ನಾನು ಹೋದಾಗ ಬೋರಯ್ಯ ತೂಬಿನ ಹತ್ತಿರ ಇರಲಿಲ್ಲ ಕಣೋ. ನೀರು ಪಕ್ಕದ ಗದ್ದೆಗೆ ಹೋಗ್ತಿತ್ತು.”

ಇದೇ ಆ ನಿಜವಾದ ಮಾತು.

ಒಂದು ಸರದಿ ತಪ್ಪಿದ್ದು ಅಷ್ಟಕ್ಕೇ ಮುಗಿದಿದ್ದರೆ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅದರ ಹಿಂದೆಯೇ ಕಾಲುವೆಯಲ್ಲಿ ಏನೋ ರಿಪೇರಿ ಎಂದು ನೀರು ನಿಲ್ಲಿಸಿದರು. ಎಲ್ಲರ ಗದ್ದೆಯೂ ಹೇಗೋ ತಡೆದುಕೊಂಡಿತು. ನಿಂಗನದು ಮಾತ್ರ ಜೊಳ್ಳಾಯಿತು. ತಾಯಿ ಮಗನಿಗೆ ವರ್ಷದ ಊಟ ಅದು. ನಿಂಗ ನ್ಯಾಯ ಸೇರಿಸಿದ.

ಊರ ಮುಂದಿನ ಕಟ್ಟೆಯ ಮೇಲೆ ಪಟೇಲರು, ಊರಿನ ಹಿರಿಯರು. ನನಗೆ ಚಾಪೆ ಹಾಸಿ ಕೂರಿಸಿದರು. ಬೋರಯ್ಯ ಕಟ್ಟೆಯಿಂದ ದೂರದಲ್ಲಿ, ಹೆಗಲ ಮೇಲಿನ ಬಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಜಾತಿಯವರು ಅಲ್ಲೇ ನಿಲ್ಲಬೇಕಿತ್ತು. ಮಧ್ಯವಯಸ್ಸಿನ ಮನುಷ್ಯ, ಅವನಪ್ಪ, ಅವನಜ್ಜ ಎಲ್ಲರೂ, ಕಾಲುವೆ ಬರುವ ಮೊದಲು ಕೆರೆಯಿದ್ದ ಕಾಲದಿಂದಲೂ, ಆ ಊರಿನ ನೀರು ನೋಡಿಕೊಂಡವರು. ಸುಗ್ಗಿಯಲ್ಲಿ ಕಣಗಳಿಂದ ಕೊಡುವ ಭತ್ತವೇ ಅವರ ಬದುಕು.

“ಮೇಷ್ಟ್ರೇ,” ಪಟೇಲರು ಕೇಳಿದರು, “ನೀವು ಗದ್ದೆತಾವ್ಕೆ ಓದಾಗ ಇವ್ನು ತೂಬ್ತಾವ ಇದ್ನಾ?”

“ಇರಲಿಲ್ಲ.”

ಎಷ್ಟು ಹೊತ್ತಿಗೆ ಹೋದಿರಿ ಎಂದು ಯಾರೂ ಕೇಳಲಿಲ್ಲ. ಪಂಚೆ ಉಟ್ಟು, ಕನ್ನಡಕ ಹಾಕಿ, ಚಾಪೆಯ ಮೇಲೆ ಕುಳಿತವನನ್ನು ಹಾಗೆ ಕೇಳುತ್ತಾರೆಯೇ? ಪಟೇಲರು ಬೋರಯ್ಯನ ಕಡೆ ತಿರುಗಿದರು.

“ನಾನು ಮೇಷ್ಟ್ರುನ್ನೇ ಉಡುಕ್ಕಂಡ್ ಓಗಿದ್ದೆ ಬುದ್ಧಿ,” ಬೋರಯ್ಯ ಹೇಳಿದ. “ಕಾದೆ, ಕಾದೆ, ಬರ್ನಿಲ್ಲ. ಬತ್ತೀನಿ ಅಂದೋರು ಬರ್ದೆ ಇರಾಕಿಲ್ಲ. ಪ್ಯಾಟೆಯೋರು, ಏರಿ ಮ್ಯಾಲೆ ಕಾಲ್ ಜಾರಿ ಕಾಲ್ವೆಗೆ ಬಿದ್ರೋ ಏನೋ ಅಂತ ಬಯ ಆಯ್ತು. ಸೇತ್ವೆಗಂಟ ನೋಡ್ಕಂಡ್ ಓದೆ. ಅಷ್ಟ್ರಲ್ಲಿ ನೀರು ಯಾರ್ ತಿರುಗುಸ್ಕಂಡ್ರೋ ನನಗ್ ಗೊತ್ತಿಲ್ಲ.”

ಜನ ನಕ್ಕರು. “ಮೇಷ್ಟ್ರೇನು ಮೀನಾ, ಕಾಲ್ವೇಲಿ ಉಡುಕಾಕೆ?” ಎಂದ ಒಬ್ಬ. “ಏನೋ ಈಸ್ಕಂಡು ನೀರು ಮಾರವ್ನೆ” ಎಂದ ಇನ್ನೊಬ್ಬ. ನಿಂಗ ಎದ್ದು ನಿಂತು, “ಬೊಗಳ್ಬ್ಯಾಡ ಕಣ್ಲಾ ಬೋರ! ನಂಬಿ ಬುಟ್ಟೋಗಿದ್ದೆ ನಿನ್ನ” ಎಂದು ಕಿರುಚಿದ. ತನಗಿಂತ ಎಷ್ಟೋ ಹಿರಿಯನಾದ ಬೋರಯ್ಯನ ಮೇಲೆ ಕೈಯೆತ್ತಿಕೊಂಡು ಹೋದ, ಯಾರೋ ತಡೆದರು.

ಬೋರಯ್ಯ ನನ್ನ ಕಡೆ ನೋಡಿದ. ಬೇಡುವ ನೋಟವಲ್ಲ. ಸಿಟ್ಟೂ ಇರಲಿಲ್ಲ. ಇನ್ನು ನೀವು ಹೇಳುತ್ತೀರಿ ಎಂಬಂತೆ ಕಾಯುತ್ತಿದ್ದ, ಅಷ್ಟೆ. ಅವನು ಹೇಳಿದ್ದು ನಿಜವೆಂದು ಆ ಕ್ಷಣದಲ್ಲೇ ನನಗೆ ಗೊತ್ತಾಯಿತು. ನಾನು ಗೂಡ್ಸ್ ಡಬ್ಬಿಯ ಸಂದಿಯಲ್ಲಿದ್ದಾಗ ಈ ಮನುಷ್ಯ ನನ್ನ ಹೆಣ ಹುಡುಕುತ್ತಿದ್ದ. ಹೇಳು, ಈಗ ಹೇಳು ಎಂದು ಎದೆ ಬಡಿದುಕೊಂಡಿತು— ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಒರೆಸುತ್ತಲೇ ಇದ್ದೆ. ನ್ಯಾಯ ಮುಗಿಯಿತು.

ನೀರುಗಂಟಿ ಕೆಲಸ ಬೇರೆಯವರಿಗೆ ಹೋಯಿತು. ಬೋರಯ್ಯ ಹೆಂಡತಿಯನ್ನು ಕರೆದುಕೊಂಡು ಮಳವಳ್ಳಿಯ ಕಡೆ, ಅವಳ ತವರಿಗೆ ಹೊರಟುಹೋದ. ಆ ಗೋಲನ್ನು ಕಂಡಿದ್ದ ಗಿರಣಿಯವರು ನಿಂಗನನ್ನು ಬೆಂಗಳೂರಿಗೆ ಕರೆಸಿಕೊಂಡರು. ಅವನಿಗೆ ಒಳ್ಳೆಯದೇ ಆಯಿತು. ಅದನ್ನು ಹಿಡಿದುಕೊಂಡು ಕೆಲವು ವರ್ಷ ನಾನು ನೆಮ್ಮದಿಯಾಗಿ ಉಂಡಿದ್ದೇನೆ.

ಆಮೇಲೆ ನನಗೆ ಮಳವಳ್ಳಿಗೆ ವರ್ಗವಾಯಿತು. ಅಲ್ಲಿ ಮಕ್ಕಳಿಗೆ ಹಾಕಿ ಹುಚ್ಚು ಹಿಡಿಸಿದೆ. ಒಂದು ದಿನ ಮದ್ದೂರಿನ ಹುಡುಗರ ಮೇಲೆ ಆಟ. ಧೂಳು ಅಡಗಲೆಂದು ಮೈದಾನಕ್ಕೆ ನೀರು ಚಿಮುಕಿಸಲು ಇಬ್ಬರು ಕೂಲಿಗಳನ್ನು ಕರೆದಿದ್ದರು. ಅವರಲ್ಲಿ ಒಬ್ಬ ಬೋರಯ್ಯ. ನನ್ನನ್ನು ಕಂಡು ಕೈಮುಗಿದ. ಅಲ್ಲಿಯ ಕೆರೆಗೆ ನೀರುಗಂಟಿಯಾಗಲು ಕೇಳಿದ್ದನಂತೆ. ಯಲಿಯೂರಿನ ಸುದ್ದಿ ಅವನಿಗಿಂತ ಮೊದಲೇ ಬಂದು ಕುಳಿತಿತ್ತು.

ನಾನು ಮುಖ ತಿರುಗಿಸಿಕೊಂಡು ಹುಡುಗರ ಕಡೆ ಹೋದೆ. ಆಟ ಶುರುವಾದ ಮೇಲೆ ಅವನನ್ನು ಮರೆತೆ. ಇದಕ್ಕಿಂತ ನಾಚಿಕೆಯ ಮಾತು ಬೇರೆ ಇಲ್ಲ— ಮರೆತೆ. ಎಂದಿನಂತೆ ಗೆರೆಯುದ್ದಕ್ಕೂ ಓಡಿದೆ, ಕೂಗಿದೆ, ಟವೆಲ್ ಬೀಸಿದೆ. ಆಟ ಮುಗಿದು ಎಲ್ಲರೂ ಹೋದಾಗ ಬೋರಯ್ಯ ಕೊಡ ಕೆಳಗಿಟ್ಟು ನನ್ನ ಹತ್ತಿರ ಬಂದ.

“ಒಂದ್ ಮಾತು ಕೇಳ್ಲಾ ಬುದ್ಧಿ? ತೆಪ್ಪು ತಿಳ್ಕಬ್ಯಾಡಿ. ಇವತ್ತು ನಿಮ್ಮುನ್ನ ನೋಡ್ದೆ, ಮೈ ಮ್ಯಾಲೆ ಗ್ಯಾನ ಇಲ್ದಂಗೆ ಕೂಗ್ತಿದ್ರಿ. ಅವತ್ತು ಮಂಡ್ಯದಾಗೆ ನಿಂಗಪ್ಪಾರ ಆಟ ಇತ್ತಲ್ಲ... ನೀವು ಅಲ್ಲಿದ್ರಾ?”

ಅಲ್ಲಿ ಪಟೇಲರಿರಲಿಲ್ಲ. ಕಟ್ಟೆಯಿರಲಿಲ್ಲ, ನಿಂಗನಿರಲಿಲ್ಲ. ಖಾಲಿ ಮೈದಾನ, ಅವನು, ನಾನು. ಹೌದು ಎಂದಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಅವನ ಮಾತನ್ನು ಯಾರು ಕೇಳುತ್ತಿದ್ದರು?

“ಇಲ್ಲ ಬೋರಯ್ಯ” ಎಂದೆ. ಇದು ಅಪ್ಪಟ ಸುಳ್ಳು.

ಅವನು ತಲೆಯಾಡಿಸಿದ. ನಂಬಲಿಲ್ಲ ಎಂದು ನನಗೆ ಗೊತ್ತಾಯಿತು. ನನಗೆ ಗೊತ್ತಾಯಿತು ಎಂದು ಅವನಿಗೂ ಗೊತ್ತಾಯಿತು. “ಓಗ್ಲಿ ಬುಡಿ,” ಎಂದ. “ಅವತ್ತು ಸೇತ್ವೆ ಕೆಳ್ಗೆ ಇಳ್ದು ಗಳ ಆಕಿ ಆಕಿ ನೋಡ್ದೆ. ಏನೂ ಸಿಕ್ನಿಲ್ಲ. ಸಿಕ್ನಿಲ್ವಲ್ಲ ಅಂತ ಎಷ್ಟ್ ಕುಸಿಯಾಯ್ತು ಗೊತ್ತಾ ಬುದ್ಧಿ ನಂಗೆ?”

ಕೊಡ ಎತ್ತಿಕೊಂಡು ಹೋದ. ಅದೇ ಕೊನೆ. ಅವನು ಮಳವಳ್ಳಿಯಲ್ಲೇ ತೀರಿಕೊಂಡದ್ದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ಈಗ ಏಕೆ ಬರೆಯುತ್ತಿದ್ದೇನೆ ಎಂದರೆ— ಹೋದ ವಾರ ನಿಂಗ ಮಂಡ್ಯದ ನನ್ನ ಮನೆಗೆ ಬಂದಿದ್ದ. ಗಿರಣಿಯಿಂದ ನಿವೃತ್ತಿಯಾಗಿ ಯಲಿಯೂರಿಗೇ ಬಂದು ನೆಲೆಸಿದ್ದಾನೆ. ಜೊತೆಯಲ್ಲಿ ಮಗ. ಮಾತಿನ ನಡುವೆ ಆ ಮಗ ಯಾವುದೋ ಕೆಲಸಕ್ಕೆ ಸಬೂಬು ಹೇಳಿದ. ನಿಂಗ ನಗುತ್ತಲೇ ಗದರಿದ, “ಬೋರಯ್ಯನ ಕೆಲ್ಸ ಮಾಡ್ಬ್ಯಾಡ ಕಣ್ಲಾ!” ಹಾಗೆಂದರೇನು ಎಂದು ಕೇಳಿದೆ. “ನಮ್ಮೂರಾಗೆ ಎಲ್ಲಾರೂ ಅಂಗೇ ಅಂತಾರೆ ಮೇಷ್ಟ್ರೇ. ನಂಬ್ದೋರ್ಗೆ ಕೈ ಕೊಟ್ರೆ ಬೋರಯ್ಯನ ಕೆಲ್ಸ ಅಂತ. ಈಗಿನ್ ಉಡುಗ್ರಿಗೆ ಬೋರಯ್ಯ ಯಾರು ಅಂತ್ಲೂ ಗೊತ್ತಿಲ್ಲ, ಮಾತ್ ಮಾತ್ರ ಉಳ್ಕಂಡದೆ.”

ಆಗಲೂ ನಾನು ಎದ್ದು ಅಡಿಗೆಮನೆಗೆ ಹೋದೆ. ಕಾಫಿ ಕೊಟ್ಟೆ, ಬಾಗಿಲವರೆಗೆ ಹೋಗಿ ಕಳಿಸಿದೆ. ಆಮೇಲೆ ಒಳಗೆ ಬಂದು ಕುಳಿತು ಲೆಕ್ಕ ಹಾಕಿದೆ. ಆ ಮನುಷ್ಯನ ಕೆಲಸ ಹೋಯಿತು, ಊರು ಹೋಯಿತು, ಜೀವವೂ ಹೋಯಿತು. ಹೆಸರೊಂದು ಉಳಿದಿದೆ, ಅದೂ ಹೀಗೆ. ಕೈಕೊಟ್ಟವನು ನಾನು, ಬೈಗುಳ ಅವನದು.

ನಾಳೆ ಬೆಳಗಿನ ರೈಲಿಗೆ ಯಲಿಯೂರಿಗೆ ಹೊರಡುತ್ತೇನೆ. ಅಂದು ಕಟ್ಟೆಯ ಮೇಲೆ ಕುಳಿತವರಲ್ಲಿ ಯಾರು ಉಳಿದಿದ್ದಾರೋ ತಿಳಿಯದು. ನಿಂಗನಿದ್ದಾನೆ, ಮೊದಲು ಅವನಿಗೆ. ಆಮೇಲೆ ಆ ಊರಿನಲ್ಲಿ ಕೇಳುವ ಕಿವಿ ಎಷ್ಟಿವೆಯೋ ಅಷ್ಟಕ್ಕೂ. ನಿಂಗ ಬಾಗಿಲು ತೋರಿಸಬಹುದು, ತೋರಿಸಲಿ. ಕ್ಷಮಿಸು ಎಂದು ಅವನನ್ನು ಕೇಳುವುದಿಲ್ಲ; ಕೇಳಬೇಕಾಗಿದ್ದವನನ್ನು ನಾನು ಖಾಲಿ ಮೈದಾನದಿಂದ ಬರಿಗೈಯಲ್ಲಿ ಕಳಿಸಿದೆ. ಅರ್ಧಕ್ಕೆ ನಿಲ್ಲಿಸಿದ್ದ ಮಾತನ್ನು ಮುಗಿಸಿ ಬರುತ್ತೇನೆ: ನಾನು ಹೋದಾಗ ಬೋರಯ್ಯ ತೂಬಿನ ಹತ್ತಿರ ಇರಲಿಲ್ಲ. ನಾನು ನೀರಿಗೆ ಬಿದ್ದಿದ್ದೇನೆಂದು ಹುಡುಕಲು ಹೋಗಿದ್ದ. ನಾನು ಹಾಕಿ ನೋಡುತ್ತಿದ್ದೆ.